ಹದಿನೆಂಟೇ ದಿನಕ್ಕೆ ಶೂವಿನ ಅಟ್ಟೆ ಪುಡಿಯಾಯಿತು, ಅಂಗಡಿಯವರು ವಾಪಸ್ ತೆಗೆದುಕೊಳ್ಳಲೇಬೇಕಾ?

ಕಂಕನಾಡಿ ನೈಟ್‌ಡ್ಯೂಟಿ · ಜೂನ್ 13

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಹನ್ನೆರಡು ಗಂಟೆ ಡ್ಯೂಟಿಯಲ್ಲಿ ಕೂರಲು ಸಿಗುವುದು ಊಟದ ಹೊತ್ತಿಗೆ ಮಾತ್ರ. ಹಾಗಾಗಿ ಶೂ ವಿಷಯದಲ್ಲಿ ನಾನು ದುಡ್ಡಿನ ಮುಖ ನೋಡುವುದಿಲ್ಲ. ಮೇ 25ಕ್ಕೆ ಹಂಪನಕಟ್ಟೆ ಕಡೆಯ ಒಂದು ಅಂಗಡಿಯಲ್ಲಿ 1,890 ರೂಪಾಯಿ ಕೊಟ್ಟು ಕಪ್ಪು ಶೂ ತೆಗೆದುಕೊಂಡೆ. ಬಿಲ್ ಉಂಟು, ಡಬ್ಬವೂ ಉಂಟು.

ನಿನ್ನೆ ರಾತ್ರಿ ರೌಂಡ್ಸ್‌ನಲ್ಲಿ ಬಲಗಾಲಿನ ಹಿಮ್ಮಡಿ ಒಂಥರಾ ಮೆತ್ತಗಾಯಿತು. ಏನೋ ತುಳಿದೆ ಅಂತ ಬಗ್ಗಿ ನೋಡಿದೆ. ಬಿಳಿ ಟೈಲ್ಸ್ ಮೇಲೆ ಕಪ್ಪು ಪುಡಿ. ನಾಲ್ಕನೇ ಬೆಡ್ಡಿನಿಂದ ನಮ್ಮ ಟೇಬಲ್ ತನಕ ನಾನು ನಡೆದ ದಾರಿ ಉದ್ದಕ್ಕೂ ಬಿದ್ದಿದೆ. ಶೂ ತೆಗೆದು ಹಿಮ್ಮಡಿ ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಹಸುವಿಗೆ ನೆನೆಸಿಟ್ಟ ಹಿಂಡಿಯ ಹಾಗೆ ಉದುರುತ್ತದೆ. ಉಳಿದ ಡ್ಯೂಟಿ ಬಾತ್‌ರೂಮ್ ಚಪ್ಪಲಿಯಲ್ಲಿ ಮುಗಿಸಿದೆ.

ಬೆಳಿಗ್ಗೆ ಡ್ಯೂಟಿ ಬಿಟ್ಟವಳು ನೇರ ಅಂಗಡಿಗೆ ಹೋದೆ. ಮಾಲೀಕರು ಒಂದರ ಮೇಲೊಂದು ಮೂರು ಮಾತು ಹೇಳಿದರು. ಮೊದಲು, "ಮಳೆಯಲ್ಲಿ ಹಾಕಿದ್ದೀರಿ." ನಾನು ಬಸ್ಸಿಗೆ ಹಾಕುವುದು ರಬ್ಬರ್ ಚಪ್ಪಲಿ. ಶೂ ಆಸ್ಪತ್ರೆಯ ಲಾಕರ್ ಬಿಟ್ಟು ಹೊರಗೇ ಬಂದಿಲ್ಲ. ಅದಾದ ಮೇಲೆ, "ಕಂಪನಿಗೆ ಕಳಿಸಬೇಕು, ಎರಡು ತಿಂಗಳು ಆಗ್ತದೆ, ಅವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ." ಕೊನೆಗೆ ಬಿಲ್ಲಿನ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. 'ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.' ಬೇಕಾದರೆ ಪುಕ್ಕಟೆ ಅಂಟು ಹಾಕಿ ಕೊಡುತ್ತಾರಂತೆ. ಪುಡಿಗೆ ಅಂಟು ಹೇಗೆ ಹಾಕುವುದು?

ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ಅವರೆದುರು "ಸಂಬಳ ಬರುವವರು ಇಷ್ಟಕ್ಕೆ ಗಲಾಟೆ ಮಾಡ್ತೀರಾ" ಅಂದರು. ನಾನು ಜೋರು ಮಾತಾಡಿಯೂ ಇರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಕಣ್ಣಲ್ಲಿ ನೀರು ಬಂತು. ಬಿಲ್ಲಿನಲ್ಲಿ ಆ ಸಾಲು ಇದ್ದರೆ ನಾನು ಸುಮ್ಮನಿರಬೇಕಾ? ಗೊತ್ತಿದ್ದವರು ಹೇಳಿ.

ಕಾಪು ಲೈಟ್‌ಹೌಸ್ · ಜೂನ್ 13

ಬಿಡಿ ಅಕ್ಕ, 1,890ಕ್ಕೆ ಕೋರ್ಟು ಕಚೇರಿ ಅಂತ ತಿರುಗಿದರೆ ಬಸ್ ಚಾರ್ಜೇ ಜಾಸ್ತಿ ಆಗುತ್ತದೆ. ಇನ್ನು ಆ ಅಂಗಡಿ ಮೆಟ್ಟಿಲು ಹತ್ತಬೇಡಿ. ತಲೆಬಿಸಿ ಯಾಕೆ ಸುಮ್ನೆ.

ಪರ್ಕಳದ ಮೇಷ್ಟ್ರು · ಜೂನ್ 13

ಬಿಡಬೇಡಿ ತಂಗಿ. ನಾನು ನಿವೃತ್ತ ಶಿಕ್ಷಕ. ಶಾಲೆಯಲ್ಲಿ ಗ್ರಾಹಕರ ಸಂಘ ನಡೆಸಿದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬಿಲ್ಲಿನಲ್ಲಿ ಅಚ್ಚಾದ ಸಾಲು ಕಾನೂನಲ್ಲ. ಅಂಗಡಿಯವರು ತಮಗೆ ಬೇಕಾದದ್ದನ್ನು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ್ದಾರೆ, ಅಷ್ಟೇ. ಈಗ ನಡೆಯುವುದು ಗ್ರಾಹಕರ ರಕ್ಷಣಾ ಕಾಯ್ದೆ 2019. 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದಕ್ಕಿಂತ ಮೊದಲು 1986ರ ಕಾಯ್ದೆ ಇತ್ತು. ಹೊಸ ಕಾಯ್ದೆಯ ಸೆಕ್ಷನ್ 2(47) ಓದಿ. ಅನುಚಿತ ವ್ಯಾಪಾರ ಪದ್ಧತಿ ಅಂದರೆ ಯಾವುದೆಲ್ಲ ಅಂತ ಅಲ್ಲಿ ಪಟ್ಟಿ ಮಾಡಿದ್ದಾರೆ. ಬಿಲ್ ಕೊಡದಿರುವುದು ಅದರಲ್ಲಿ ಒಂದು. ಅದರ ಮುಂದಿನದ್ದೇ ನಿಮಗೆ ಬೇಕಾದದ್ದು. ದೋಷ ಇರುವ ಮಾಲನ್ನು ವಾಪಸ್ ಪಡೆದು ಹಣ ಹಿಂತಿರುಗಿಸಲು ಒಪ್ಪದಿರುವುದು. ಎಷ್ಟು ದಿನದೊಳಗೆ ಅಂದರೆ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ. ಬಿಲ್ಲಿನಲ್ಲಿ ಅವಧಿ ಹೇಳಿಲ್ಲ ಅಂದರೆ 30 ದಿನದೊಳಗೆ.

ನಿಮ್ಮ ಬಿಲ್ಲಿನಲ್ಲಿ 'ಪಡೆಯುವುದಿಲ್ಲ' ಅಂತ ಇದೆಯೇ ಹೊರತು ಇಷ್ಟು ದಿನ ಅಂತ ಇಲ್ಲ, ಅಲ್ವಾ? ಹಾಗಾದರೆ 30 ದಿನ. ಮೇ 25ರಿಂದ ಲೆಕ್ಕ ಹಾಕಿದರೆ ಜೂನ್ 24. ಇವತ್ತು 13. ಅಷ್ಟರೊಳಗೆ ಬರವಣಿಗೆಯಲ್ಲಿ ಕೇಳಿಬಿಡಿ. ಬಾಯಿಮಾತಲ್ಲಿ ಕೇಳಿದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ.

30 ದಿನ ದಾಟಿದರೆ ಕಥೆ ಮುಗಿಯಿತು ಅಂತಲೂ ಅಲ್ಲ. ಮಾಲಿನಲ್ಲಿ ದೋಷ ಇದೆ ಅಂತ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯ ಉಂಟು. ಆದರೆ ಬೇಗ ಕೇಳಿದಷ್ಟೂ ನಿಮ್ಮ ಮಾತಿಗೆ ತೂಕ ಜಾಸ್ತಿ.

ಒಂದು ವಿಷಯ ಎಲ್ಲರೂ ಗಮನಿಸಿ. ಇದು ದೋಷಕ್ಕೆ ಮಾತ್ರ. ಮನೆಗೆ ಹೋದ ಮೇಲೆ ಬಣ್ಣ ಹಿಡಿಸಲಿಲ್ಲ, ಒಂದು ನಂಬರ್ ಸಣ್ಣದಾಯಿತು, ಯಜಮಾನರಿಗೆ ಇಷ್ಟ ಆಗಲಿಲ್ಲ ಅಂದರೆ ಅಂಗಡಿಯವರು ಬದಲಾಯಿಸಿ ಕೊಡುವುದು ಅವರ ಒಳ್ಳೆಯತನ. ಕಾನೂನಿನ ಒತ್ತಾಯ ಇಲ್ಲ. ಈ ಎರಡನ್ನೂ ಬೆರೆಸಿ ಮಾತಾಡಿದರೆ ನಮ್ಮ ನ್ಯಾಯವಾದ ಮಾತೂ ಬಿದ್ದುಹೋಗುತ್ತದೆ.

ಅಟ್ಟೆ ಮತ್ತು ದಾರ · ಜೂನ್ 13

ಅಕ್ಕ, ನನ್ನ ಅಪ್ಪ ಉಡುಪಿ ಬಸ್ ನಿಲ್ದಾಣದ ಹತ್ತಿರ ಮೂವತ್ತು ವರ್ಷದಿಂದ ಚಪ್ಪಲಿ, ಶೂ ರಿಪೇರಿ ಮಾಡುತ್ತಾರೆ. ರಜೆಯಲ್ಲಿ ನಾನೂ ಕೂರುತ್ತೇನೆ. ಒಂದು ಕೇಳಬೇಕಿತ್ತು. ಅಟ್ಟೆ ಬಿಟ್ಟುಕೊಂಡಿದೆಯಾ, ಅಥವಾ ಅಟ್ಟೆಯೇ ಪುಡಿಯಾಗಿದೆಯಾ? ಎರಡಕ್ಕೂ ತುಂಬಾ ವ್ಯತ್ಯಾಸ ಉಂಟು.

ಅಟ್ಟೆ ಇಡಿಯಾಗಿ ಬಿಟ್ಟುಕೊಂಡರೆ ಪೇಸ್ಟಿಂಗ್ ಹೋಗಿದೆ ಅಂತ. ಅಪ್ಪ ಸೊಲ್ಯೂಷನ್ ಹಚ್ಚಿ, ಸುತ್ತ ಹೊಲಿಗೆ ಹಾಕಿ ಕೊಡುತ್ತಾರೆ. ನಡೆಯುತ್ತದೆ. ಅಟ್ಟೆಯೇ ಉದುರಿದರೆ ಅಪ್ಪ ಮುಟ್ಟುವುದೇ ಇಲ್ಲ. ಸೂಜಿ ಚುಚ್ಚಿದರೆ ದಾರ ನಿಲ್ಲುವುದಿಲ್ಲ, ಕೆಳಗೆ ಹಿಡಿಯಲು ಗಟ್ಟಿ ಏನೂ ಇಲ್ಲ. ನೀವು ಹಿಂಡಿ ಅಂದಿರಿ. ಹಾಗಾದರೆ ಇದು ಎರಡನೆಯದ್ದು.

ಅದು ಪಿಯು ಅಟ್ಟೆ, ಪಾಲಿಯುರೆಥೇನ್. ಹಗುರ ಇರುತ್ತದೆ, ನಿಂತು ಕೆಲಸ ಮಾಡುವವರಿಗೆ ಹಿತ. ಆದರೆ ಗಾಳಿಯ ತೇವ ಅದರ ಒಳಗೆ ಕೂತು ನಿಧಾನಕ್ಕೆ ಕೊರೆಯುತ್ತದೆ. ಇದಕ್ಕೆ ಹೈಡ್ರೊಲಿಸಿಸ್ ಅಂತಾರೆ, ನಾನು ಕೆಮಿಸ್ಟ್ರಿ ಓದುವವನು. ನೀರಿನ ಅಂಶ ಪ್ಲಾಸ್ಟಿಕ್ಕಿನ ಉದ್ದದ ಸರಪಳಿಯನ್ನು ತುಂಡು ತುಂಡು ಮಾಡುತ್ತದೆ. ಶೂ ಮಳೆಯಲ್ಲಿ ನೆನೆಯಬೇಕು ಅಂತಲೇ ಇಲ್ಲ. ಡಬ್ಬದಲ್ಲಿ ಸುಮ್ಮನೆ ಇಟ್ಟರೂ ಆಗುತ್ತದೆ. ಹಾಕಿ ನಡೆದರೆ ಒತ್ತಡಕ್ಕೆ ತೇವ ಸ್ವಲ್ಪ ಹೊರಗೆ ಹೋಗುತ್ತದೆ. ಹಾಗಾಗಿ ಹಾಕದೇ ಇಟ್ಟ ಶೂವೇ ಬೇಗ ಹಾಳಾಗುವುದು. ನಮ್ಮ ಕರಾವಳಿಯ ಗಾಳಿ ಗೊತ್ತಲ್ಲ, ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಮದುವೆಗೆ ಅಂತ ಎರಡು ಮೂರು ವರ್ಷ ಎತ್ತಿಟ್ಟ ಶೂವನ್ನು ಜನ ತಂದು ಅಪ್ಪನ ಎದುರು ಬಿಚ್ಚುತ್ತಾರೆ. ಡಬ್ಬ ತೆರೆದರೆ ಮೇಲ್ಭಾಗ ಹೊಳೆಯುತ್ತಿರುತ್ತದೆ, ಅಡಿ ಇರುವುದಿಲ್ಲ.

18 ದಿನದಲ್ಲಿ ಹೊಸ ಪಿಯು ಹೀಗಾಗುವುದಿಲ್ಲ ಅಕ್ಕ. ಡಬ್ಬದ ಮೇಲೆ ತಯಾರಾದ ತಿಂಗಳು, ವರ್ಷ ನೋಡಿ.

ಕಂಕನಾಡಿ ನೈಟ್‌ಡ್ಯೂಟಿ · ಜೂನ್ 13, ರಾತ್ರಿ

ಡಬ್ಬ ಈಗಷ್ಟೇ ನೋಡಿದೆ. ಎಂಆರ್‌ಪಿ ಕಾಣುತ್ತದೆ, ಕಂಪನಿಯ ವಿಳಾಸ ಕಾಣುತ್ತದೆ. ತಿಂಗಳು ಇರಬೇಕಾದ ಜಾಗದ ಮೇಲೆ ಅಂಗಡಿಯ ಸಣ್ಣ ಹಳದಿ ಚೀಟಿ ಅಂಟಿಸಿದ್ದಾರೆ. ಕೀಳಲಾ?

ಪರ್ಕಳದ ಮೇಷ್ಟ್ರು · ಜೂನ್ 13, ರಾತ್ರಿ

ಮೊದಲು ಹಾಗೇ ಫೋಟೋ ತೆಗೆಯಿರಿ. ಕೀಳುವಾಗ ಯಾರಾದರೂ ವಿಡಿಯೊ ಮಾಡಲಿ.

ಕಂಕನಾಡಿ ನೈಟ್‌ಡ್ಯೂಟಿ · ಜೂನ್ 13, ರಾತ್ರಿ

ರೂಮ್‌ಮೇಟ್ ವಿಡಿಯೊ ಮಾಡಿದಳು. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಉಗುರಲ್ಲಿ ನಿಧಾನಕ್ಕೆ ಎತ್ತಿದೆ. ಅರ್ಧ ಹರಿಯಿತು, ಆದರೆ ಕೆಳಗಿನ ಅಕ್ಷರ ಓದಲು ಬರುತ್ತದೆ.

ನಾಲ್ಕು ವರ್ಷ ಎರಡು ತಿಂಗಳು ಹಳೆಯದು.

ನನಗೆ ನಿಜವಾಗಿ ಕೈ ನಡುಗಿತು. ಬೆಳಿಗ್ಗೆ ಅಷ್ಟು ಜನರ ಎದುರು ನಾನೇ ತಪ್ಪು ಮಾಡಿದವಳ ಹಾಗೆ ನಿಂತಿದ್ದೆ.

ಕಿನ್ನಿಮೂಲ್ಕಿ ಗಲ್ಲಾಪೆಟ್ಟಿಗೆ · ಜೂನ್ 14

ನನ್ನದೂ ಸಣ್ಣ ಚಪ್ಪಲಿ ಅಂಗಡಿ, ಉಡುಪಿಯಲ್ಲಿ. ಅಂಗಡಿಯವರ ಕಡೆಯ ಕಷ್ಟವನ್ನೂ ಹೇಳಬೇಕು ಅಂತ ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡಿ.

ನಾವು ಮಾಲು ತರಿಸುವುದು ಹೋಲ್‌ಸೇಲ್‌ನವರಿಂದ. ಹಳೆಯ ಸ್ಟಾಕನ್ನು ಲಾಟ್‌ನಲ್ಲಿ ಕಡಿಮೆ ಬೆಲೆಗೆ ಕೊಡುತ್ತಾರೆ. ಐವತ್ತು ಜೊತೆಯಲ್ಲಿ ಹತ್ತು ಜೊತೆ ಹಳೆಯದು ಬಂದರೆ ಪ್ರತಿಯೊಂದು ಡಬ್ಬ ತಿರುಗಿಸಿ ನೋಡುವವರು ಕಡಿಮೆ. ಡ್ಯಾಮೇಜ್ ವಾಪಸ್ ಕಳಿಸಿದರೆ ಕ್ರೆಡಿಟ್ ನೋಟ್, ಅಂದರೆ ಆ ಹಣ ನಮ್ಮ ಲೆಕ್ಕಕ್ಕೆ ವಾಪಸ್ ಬರೆದ ಚೀಟಿ, ಬರಲು ತಿಂಗಳುಗಟ್ಟಲೆ ಕಾಯಬೇಕು, ಕೆಲವೊಮ್ಮೆ ಬರುವುದೇ ಇಲ್ಲ. ಜೂನ್‌ನಲ್ಲಿ ಶಾಲೆ ಶೂ ವ್ಯಾಪಾರದ ನೂಕುನುಗ್ಗಲು ಬೇರೆ. ಎರಡು ತಿಂಗಳು ಹಾಕಿ, ಬೇರೆ ತೆಗೆದುಕೊಳ್ಳುವ ಮನಸ್ಸಾಗಿ ಬ್ಲೇಡಿನಲ್ಲಿ ಕೊಯ್ದು ತಂದವರನ್ನೂ ನೋಡಿದ್ದೇನೆ. ಹಾಗಾಗಿ ಮೊದಲ ಮಾತಿಗೇ 'ಇಲ್ಲ' ಅನ್ನುವ ಅಭ್ಯಾಸ ಆಗಿಬಿಡುತ್ತದೆ.

ಆದರೂ ಈ ಅಕ್ಕನ ವಿಷಯದಲ್ಲಿ ಆ ಅಂಗಡಿಯವರದ್ದು ಪೂರ್ತಿ ತಪ್ಪು. ಹಣ ತೆಗೆದುಕೊಂಡದ್ದು ನಾವು. ಹೋಲ್‌ಸೇಲ್‌ನವರ ಜೊತೆ ನಮ್ಮ ಲೆಕ್ಕ ನಾವು ನೋಡಿಕೊಳ್ಳಬೇಕು. ಗಿರಾಕಿಯನ್ನು ಆ ಜಗಳಕ್ಕೆ ಎಳೆಯಬಾರದು. ತಿಂಗಳಿನ ಮೇಲೆ ಚೀಟಿ ಅಂಟಿಸಿದ್ದಂತೂ ಸರಿಯೇ ಅಲ್ಲ. ಪೊಟ್ಟಣದ ಮೇಲಿನ ವಿವರ ಮುಚ್ಚುವ ಹಾಗಿಲ್ಲ. ಬೆಲೆ ಇಳಿಸಿದಾಗ ಹೊಸ ಚೀಟಿ ಹಾಕಬಹುದು, ಆಗಲೂ ಹಳೆಯ ಎಂಆರ್‌ಪಿ ಕಾಣಬೇಕು. ತೂಕ, ಅಳತೆ, ಪೊಟ್ಟಣದ ವಿವರ ನೋಡುವ ಕಾನೂನು ಮಾಪನ ಇಲಾಖೆಯವರು ಒಮ್ಮೆ ನಮ್ಮ ಅಂಗಡಿಗೆ ಬಂದಾಗ ಇದನ್ನೇ ತಿಳಿಸಿ ಹೋಗಿದ್ದರು.

ಅಕ್ಕ, ಒಂದು ಮಾತು ನೆನಪಿಡಿ. 'ಶೂ ಬಿಟ್ಟು ಹೋಗಿ, ನೋಡುವ' ಅಂದರೆ ಬಿಟ್ಟು ಬರಬೇಡಿ. ಬಿಡಲೇಬೇಕಾದರೆ ಇಂಥ ದಿನ, ಇಂಥ ಶೂ, ಇಂಥ ದೋಷ ಅಂತ ಬರೆಸಿ ಸಹಿ, ಸೀಲು ಹಾಕಿಸಿಕೊಳ್ಳಿ. ಮೊದಲೇ ನಾಲ್ಕು ಕಡೆಯಿಂದ ಫೋಟೋ ಇರಲಿ. ಶೂ ಅವರ ಗೋದಾಮಿನಲ್ಲಿ ಕಳೆದುಹೋದರೆ ನಿಮ್ಮ ಸಾಕ್ಷಿಯೇ ಹೋಯಿತು.

ಮಣಿಪಾಲ ಹಾಸ್ಟೆಲ್ · ಜೂನ್ 14

ನಾನು ಆನ್‌ಲೈನ್‌ನಲ್ಲಿ ತರಿಸಿದ ಸ್ಯಾಂಡಲ್‌ನ ಪಟ್ಟಿ ಮೂರನೇ ದಿನಕ್ಕೆ ಕಿತ್ತುಬಂತು. 'ಈ ವಸ್ತುವಿಗೆ ವಾಪಸಾತಿ ಇಲ್ಲ' ಅಂತ ತೋರಿಸುತ್ತದೆ. ಇದಕ್ಕೂ ಇದೇ ಕಾನೂನಾ?

ಪರ್ಕಳದ ಮೇಷ್ಟ್ರು · ಜೂನ್ 14

ಹೌದು ಮಗ. ಅದರ ಮೇಲೆ 2020ರ ಇ-ಕಾಮರ್ಸ್ ನಿಯಮಗಳೂ ಉಂಟು. ದೋಷ ಇರುವ ಮಾಲು, ನಕಲಿ ಮಾಲು, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ ಮಾಲು, ಇವುಗಳನ್ನು ವಾಪಸ್ ಪಡೆಯುವುದಿಲ್ಲ ಅಂತ ಮಾರಾಟಗಾರ ಹೇಳುವ ಹಾಗಿಲ್ಲ. ಆ್ಯಪ್‌ನವರು ದೂರು ಅಧಿಕಾರಿಯ ಹೆಸರು, ಸಂಪರ್ಕ ಹಾಕಿರಬೇಕು. ಅವರು ನಿನ್ನ ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆ್ಯಪ್‌ನ ಚಾಟ್‌ನಲ್ಲಿ ಯಂತ್ರದ ಜೊತೆ ಮಾತಾಡಿ ಸಮಯ ಕಳೆಯಬೇಡ. ಆ ಅಧಿಕಾರಿಗೆ ಮೇಲ್ ಹಾಕು.

ಬೆಂದೂರ್‌ವೆಲ್ ಕ್ರಾಸ್ · ಜೂನ್ 14

ಐಎಸ್ಐ ಮಾರ್ಕ್ ಉಂಟಾ ನೋಡಿ. ಈಗ ಶೂ, ಚಪ್ಪಲಿಗೂ ಅದು ಬಂದಿದೆ.

ಅಟ್ಟೆ ಮತ್ತು ದಾರ · ಜೂನ್ 14

ಪಾದರಕ್ಷೆಯ ಗುಣಮಟ್ಟದ ಆದೇಶ ಜಾರಿಗೆ ಬಂದದ್ದು 2024ರ ಆಗಸ್ಟ್ 1ರಿಂದ. ಸಣ್ಣ ತಯಾರಕರಿಗೆ ಕೆಲವು ವಿನಾಯಿತಿಯೂ ಉಂಟು. ಅಕ್ಕನ ಶೂ ಅದಕ್ಕಿಂತ ಹಳೆಯದು, ಹಾಗಾಗಿ ಮಾರ್ಕ್ ಇರಲಿಕ್ಕಿಲ್ಲ. ಹೊಸದು ತೆಗೆದುಕೊಳ್ಳುವವರು ಮಾರ್ಕಿನ ಕೆಳಗಿನ ಲೈಸೆನ್ಸ್ ನಂಬರನ್ನು, ಆ ಮಾರ್ಕ್ ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ನಿಜವಾದದ್ದಾದರೆ ತಯಾರಕರ ಹೆಸರು ಬರುತ್ತದೆ.

ಬಸ್ರೂರು ಮೂಡುಕೇರಿ · ಜೂನ್ 15

1,890ಕ್ಕೆ ಯಾಕೆ ಅಂದ ಕಾಪುವಿನವರಿಗೆ ಒಂದು ಮಾತು. ನಮ್ಮ ಜಿಲ್ಲೆಯವರು ಹಾಗೆ ಹೇಳಬಾರದು. 1986ರ ಕಾಯ್ದೆ ಬರುವ ಮೊದಲೇ ಬಸ್ರೂರಿನಲ್ಲಿ ಬಳಕೆದಾರರ ವೇದಿಕೆ ಕಟ್ಟಿ, ಸಾಮಾನ್ಯ ಜನರ ಸಣ್ಣ ಸಣ್ಣ ದೂರುಗಳನ್ನು ಕೈಗೆತ್ತಿಕೊಂಡವರು ಡಾ. ರವೀಂದ್ರನಾಥ ಶಾನುಭಾಗರು. ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಯಾವ ಅಂಗಡಿಯ ಮೋಸದ ಮಾತು ಬಂದರೂ ಹಿರಿಯರು "ವೇದಿಕೆಗೆ ಒಂದು ಕಾಗದ ಹಾಕು" ಅನ್ನುತ್ತಿದ್ದರು. ಬಾಯಿ ಮಾಡುವುದಲ್ಲ, ಕಾಗದ ಹಾಕುವುದು. ಆ ಅಭ್ಯಾಸ ನಮ್ಮ ಕಡೆ ಬಿಟ್ಟುಹೋಗಬಾರದು ಅಂತ ನನ್ನ ಆಸೆ.

ಮೊತ್ತದ ಲೆಕ್ಕ ಹೇಳುವುದಾದರೆ, ಚಂಡೀಗಢದಲ್ಲಿ 2019ರಲ್ಲಿ ಒಬ್ಬರು 399 ರೂಪಾಯಿಯ ಶೂ ಕೊಂಡಾಗ ಕಾಗದದ ಚೀಲಕ್ಕೆ 3 ರೂಪಾಯಿ ಹಾಕಿದ್ದರು. ಅವರು ಅಲ್ಲಿನ ಸರ್ಕಾರಿ ಗ್ರಾಹಕರ ವೇದಿಕೆಗೆ, ಅಂದರೆ ಈಗಿನ ಜಿಲ್ಲಾ ಆಯೋಗಕ್ಕೆ, ಹೋದರು. 3 ರೂಪಾಯಿ ವಾಪಸ್, ಮೇಲೆ 3,000 ಪರಿಹಾರ, 1,000 ಖರ್ಚು ಅಂತ ಆದೇಶ ಆಯಿತು. ಕಾನೂನು ನೆರವಿನ ಖಾತೆಗೆ 5,000 ಕಟ್ಟಲು ಬೇರೆ ಹೇಳಿದರು. ಮೂರು ರೂಪಾಯಿಗೆ!

ಕಾಪು ಲೈಟ್‌ಹೌಸ್ · ಜೂನ್ 15

ಸರಿ, ನನ್ನ ಮಾತು ವಾಪಸ್. ಇದು ಗೊತ್ತಿರಲಿಲ್ಲ. ವಕೀಲರ ಫೀಸು ಎಷ್ಟಾಗಬಹುದು ಅಂತ ಹೆದರಿ ಹೇಳಿದ್ದು.

ಸಂತೆಕಟ್ಟೆ ಸಂಜೆ · ಜೂನ್ 15

ವಕೀಲರು ಬೇಕೇಬೇಕು ಅಂತ ಇಲ್ಲ. ನಾನು ಮಗನ ಮದುವೆಗೆ ತೆಗೆದುಕೊಂಡ ಶೂ ವಿಷಯದಲ್ಲಿ ಆಯೋಗಕ್ಕೆ ಹೋದವನು, ನಾನೇ ಮಾತಾಡಿದೆ. ನಡೆದದ್ದು ಹೇಳುತ್ತೇನೆ.

ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂಗಡಿ ಬೆಂಗಳೂರಿನದ್ದಾದರೂ ಪರವಾಗಿಲ್ಲ. 2019ರ ಕಾಯ್ದೆಯಲ್ಲಿ ಆದ ದೊಡ್ಡ ಅನುಕೂಲ ಇದು. ಕೊಟ್ಟ ಬೆಲೆ 50 ಲಕ್ಷದ ತನಕ ಇದ್ದರೆ ಜಿಲ್ಲಾ ಆಯೋಗ. 5 ಲಕ್ಷದ ತನಕ ಶುಲ್ಕವೇ ಇಲ್ಲ. ಆನ್‌ಲೈನ್‌ನಲ್ಲೂ ದೂರು ಹಾಕಬಹುದು, ಮೊದಲು ಇ-ದಾಖಿಲ್ ಇತ್ತು, ಈಗ ಇ-ಜಾಗೃತಿ ಅಂತ ಬಂದಿದೆ. ವಿಡಿಯೊದಲ್ಲಿ ವಿಚಾರಣೆ ಕೇಳುವ ಅವಕಾಶವೂ ಉಂಟು.

ನನ್ನ ಎದುರಿನವರು 'ಇವರೇ ಹಾಳು ಮಾಡಿದ್ದು' ಅಂತ ವಾದಿಸಿದರು. ಅಂಥ ಸಂದರ್ಭದಲ್ಲಿ ಕಣ್ಣಿಗೆ ಕಂಡು ತೀರ್ಮಾನ ಆಗದಿದ್ದರೆ ಆಯೋಗ ಶೂವನ್ನು ಸೀಲು ಮಾಡಿ ಲ್ಯಾಬಿಗೆ ಕಳಿಸಬಹುದು. ಅದರ ಖರ್ಚನ್ನು ದೂರು ಕೊಟ್ಟವರು ಮೊದಲು ಕಟ್ಟಬೇಕಾಗುತ್ತದೆ. ನನ್ನದರಲ್ಲಿ ಅಷ್ಟು ದೂರ ಹೋಗಲಿಲ್ಲ. ಎರಡೂ ಶೂ ಒಂದೇ ಜಾಗದಲ್ಲಿ, ಒಂದೇ ಥರ ಬಿರುಕು ಬಿಟ್ಟಿದ್ದವು. ಸದಸ್ಯರು ಅದನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದರು. ಎಡಗಾಲು, ಬಲಗಾಲು ಎರಡನ್ನೂ ಒಬ್ಬ ಮನುಷ್ಯ ಒಂದೇ ಗೆರೆಯಲ್ಲಿ ಹಾಳು ಮಾಡುವುದು ಹೇಗೆ ಅಂತ ಕೇಳಿದರು. ಅಂಗಡಿಯವರ ಹತ್ತಿರ ಉತ್ತರ ಇರಲಿಲ್ಲ.

ಬೆಲೆ ವಾಪಸ್ ಬಂತು, ಸ್ವಲ್ಪ ಪರಿಹಾರವೂ ಬಂತು. ಆದರೆ ಸಮಯದ ವಿಷಯ ಮುಚ್ಚಿಡುವುದಿಲ್ಲ. ನೋಟಿಸ್ ತಲುಪಿದ ಮೇಲೆ ಮೂರು ತಿಂಗಳಲ್ಲಿ, ಲ್ಯಾಬ್ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನನಗೆ ಹಿಡಿದದ್ದು ಒಂದು ವರ್ಷ ಎರಡು ತಿಂಗಳು. ಹಾಗಾಗಿ ಮೊದಲು ಒಂದು ಕಾಗದ ಬರೆಯಿರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ತುಂಬಾ ಸಲ ಅಲ್ಲೇ ಮುಗಿಯುತ್ತದೆ. ಆಯೋಗ ಕೊನೆಗೆ ಇರಲಿ.

ಮತ್ತೆ, ಅವರ ಪುಕ್ಕಟೆ ಅಂಟು ಮಾತ್ರ ಹಾಕಿಸಬೇಡಿ. ಒಮ್ಮೆ ರಿಪೇರಿ ಆದರೆ ಮೊದಲಿನ ದೋಷ ತೋರಿಸಲು ಏನೂ ಉಳಿಯುವುದಿಲ್ಲ.

ಹೆಬ್ರಿ ಘಾಟಿ · ಜೂನ್ 15

ಬಿಲ್ಲೇ ಇಲ್ಲದವರು ಏನು ಮಾಡಬೇಕು? ನಮ್ಮಲ್ಲಿ ಸಂತೆಯಲ್ಲಿ ತೆಗೆದುಕೊಂಡರೆ ಬಿಲ್ ಯಾರು ಕೊಡುತ್ತಾರೆ?

ಕಿನ್ನಿಮೂಲ್ಕಿ ಗಲ್ಲಾಪೆಟ್ಟಿಗೆ · ಜೂನ್ 15

ಕೇಳಿ ಪಡೆಯಿರಿ. ಇಲ್ಲದಿದ್ದರೆ ಯುಪಿಐ ಮೆಸೇಜ್, ಡಬ್ಬ, ಅಂಗಡಿಯ ಹೆಸರಿರುವ ಚೀಲ, ವಾಟ್ಸಾಪ್‌ನಲ್ಲಿ ಮಾತಾಡಿದ್ದು, ಎಲ್ಲ ಇಟ್ಟುಕೊಳ್ಳಿ. ಹಣ ಕೊಟ್ಟದ್ದು ಯುಪಿಐಯಲ್ಲಿ ಕಾಣುತ್ತದೆ, ಯಾವ ಮಾಲಿಗೆ ಅಂತ ಕಾಣುವುದಿಲ್ಲ. ಹಾಗಾಗಿ ಬಿಲ್ಲೇ ಒಳ್ಳೆಯದು. ಇನ್ನೊಂದು, ಮಷಿನ್ ಬಿಲ್ಲಿನ ಅಕ್ಷರ ಮೂರು ನಾಲ್ಕು ತಿಂಗಳಲ್ಲೇ ಮಾಸಿಹೋಗಬಹುದು. ಕೈಗೆ ಬಂದ ದಿನವೇ ಫೋಟೋ ತೆಗೆದಿಡಿ.

ಕಂಕನಾಡಿ ನೈಟ್‌ಡ್ಯೂಟಿ · ಜೂನ್ 17

ನೀವೆಲ್ಲ ಹೇಳಿದ ಹಾಗೆ ಕಾಗದ ಬರೆದೆ. ಮೇಷ್ಟ್ರು ತಿದ್ದಿ ಕೊಟ್ಟರು, ಅವರಿಗೆ ತುಂಬಾ ಧನ್ಯವಾದ. ಬೇರೆಯವರಿಗೂ ಬೇಕಾಗಬಹುದು ಅಂತ ಇಲ್ಲಿ ಹಾಕುತ್ತೇನೆ.

"ಮಾನ್ಯರೇ, ಮೇ 25ರಂದು ನಿಮ್ಮ ಅಂಗಡಿಯಲ್ಲಿ 1,890 ರೂಪಾಯಿಗೆ ಒಂದು ಜೊತೆ ಶೂ ಖರೀದಿಸಿದ್ದೇನೆ. ಬಿಲ್ಲಿನ ಪ್ರತಿ ಇದರೊಂದಿಗೆ ಇದೆ. ಜೂನ್ 12ರಂದು ಬಲಗಾಲಿನ ಅಟ್ಟೆ ಪುಡಿಯಾಗಿದೆ, ಎಡಗಾಲಿನದ್ದೂ ಬಿರುಕು ಬಿಟ್ಟಿದೆ. ಶೂವನ್ನು ಕಟ್ಟಡದ ಒಳಗೆ ಮಾತ್ರ ಬಳಸಿದ್ದೇನೆ. ತಯಾರಾದ ತಿಂಗಳಿನ ಮೇಲೆ ನಿಮ್ಮ ಅಂಗಡಿಯ ಚೀಟಿ ಇತ್ತು. ಅದನ್ನು ತೆಗೆದಾಗ ಮಾಲು ನಾಲ್ಕು ವರ್ಷಕ್ಕಿಂತ ಹಳೆಯದೆಂದು ತಿಳಿಯಿತು. ಜೂನ್ 13ರಂದು ನಾನೇ ಬಂದು ಕೇಳಿದಾಗ ನೀವು ವಾಪಸ್ ಪಡೆಯಲು ಒಪ್ಪಲಿಲ್ಲ. ದೋಷ ಇರುವ ಮಾಲನ್ನು ವಾಪಸ್ ಪಡೆಯದಿರುವುದು ಗ್ರಾಹಕರ ರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(47)ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಈ ಪತ್ರ ತಲುಪಿದ ಏಳು ದಿನದೊಳಗೆ ಪೂರ್ತಿ ಹಣ ಹಿಂತಿರುಗಿಸಬೇಕೆಂದು ಕೇಳಿಕೊಳ್ಳುತ್ತೇನೆ. ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ."

ಮೊದಲು ಬರೆದದ್ದರಲ್ಲಿ ನನಗಾದ ಅವಮಾನದ ಬಗ್ಗೆಯೇ ಅರ್ಧ ಪುಟ ಇತ್ತು. ಮೇಷ್ಟ್ರು ಅದನ್ನು ತೆಗೆಸಿದರು. ದಿನಾಂಕ, ಬೆಲೆ, ದೋಷ, ಏನು ಬೇಕು, ಎಷ್ಟು ದಿನದೊಳಗೆ, ಇಷ್ಟೇ ಇರಲಿ ಅಂದರು. ಸ್ಪೀಡ್ ಪೋಸ್ಟ್ ಮಾಡಿದೆ, ಅಂಗಡಿಯ ವಾಟ್ಸಾಪ್‌ಗೂ ಫೋಟೋಗಳ ಜೊತೆ ಕಳಿಸಿದೆ. ಎರಡು ನೀಲಿ ಗೆರೆ ಬಂದಿದೆ, ಉತ್ತರ ಇಲ್ಲ.

1915ಕ್ಕೂ ಫೋನ್ ಮಾಡಿದೆ. ಕನ್ನಡ ಆಯ್ಕೆ ಉಂಟು. ಹುಡುಗಿ ಸಮಾಧಾನದಿಂದ ಕೇಳಿದಳು, ದೂರಿನ ನಂಬರ್ ಕೊಟ್ಟಳು. ಅದು ಕೋರ್ಟ್ ಅಲ್ಲ, ಆದೇಶ ಕೊಡುವ ಅಧಿಕಾರ ಅವರಿಗೆ ಇಲ್ಲ. ಇಬ್ಬರ ನಡುವೆ ಮಾತುಕತೆಗೆ ದಾರಿ ಮಾಡುತ್ತಾರೆ. ಡಬ್ಬದ ಮೇಲಿದ್ದ ಕಂಪನಿಯ ಗ್ರಾಹಕ ಸೇವೆಯ ಮೇಲ್ ವಿಳಾಸಕ್ಕೂ ಎಲ್ಲ ಫೋಟೋ ಕಳಿಸಲು ಅವಳೇ ಹೇಳಿದಳು. ಅದು ನನಗೆ ಹೊಳೆದಿರಲಿಲ್ಲ.

ಅಟ್ಟೆ ಮತ್ತು ದಾರ · ಜೂನ್ 18

ಅಪ್ಪನಿಗೆ ಫೋಟೋ ತೋರಿಸಿದೆ ಅಕ್ಕ. ನೋಡಿದ ಕೂಡಲೇ "ಇದು ಹಾಕಿ ಸವೆದದ್ದಲ್ಲ" ಅಂದರು. ಹಾಕಿ ಸವೆದರೆ ಹಿಮ್ಮಡಿಯ ಹೊರ ಅಂಚು ಓರೆಯಾಗುತ್ತದಂತೆ, ಕೆಳಗಿನ ಗೆರೆಗಳು ಮಾಸುತ್ತವಂತೆ. ನಿಮ್ಮದರಲ್ಲಿ ಕೆಳಗಿನ ಗೆರೆ ಹೊಸದರ ಹಾಗೇ ಚೂಪಾಗಿದೆ, ನಡುವಿನ ಪದರ ಕುಸಿದಿದೆ. ಬೇಕಾದರೆ ಹಾಗಂತ ಬರೆದು ಸಹಿ ಹಾಕಿ ಕೊಡುತ್ತಾರಂತೆ. ಅವರು ಬರೆಯುವುದು ನಿಧಾನ, ನಾನು ಬರೆದು ಓದಿ ಹೇಳಿ ಸಹಿ ಹಾಕಿಸುತ್ತೇನೆ.

ಕಂಕನಾಡಿ ನೈಟ್‌ಡ್ಯೂಟಿ · ಜೂನ್ 18

ನಿನ್ನ ಅಪ್ಪನಿಗೆ ನನ್ನ ನಮಸ್ಕಾರ ಹೇಳು ತಮ್ಮ. ಖಂಡಿತ ಬೇಕು. ಅವರ ಮಾತು ಕೇಳಿದ ಮೇಲೆ ಎಡಗಾಲಿನ ಶೂ ತಿರುಗಿಸಿ ನೋಡಿದೆ. ಗೆರೆಗಳ ನಡುವೆ ಅಂಗಡಿಯ ಬೆಲೆಯ ಚೀಟಿಯ ಅಂಟು ಇನ್ನೂ ಹಾಗೇ ಉಂಟು. ಅಷ್ಟೂ ನಡೆದಿಲ್ಲ ಆ ಶೂ.

ಕಂಕನಾಡಿ ನೈಟ್‌ಡ್ಯೂಟಿ · ಜೂನ್ 23

ಇವತ್ತು ಅಂಗಡಿಯಿಂದ ಫೋನ್ ಬಂತು. ಮಾಲೀಕರ ಮಗ ಮಾತಾಡಿದರು. ಕಂಪನಿಯವರು ಅವರಿಗೆ ಮೇಲ್ ಮಾಡಿದ್ದಾರಂತೆ. "ಮೇಡಂ, ಹೊಸ ಜೊತೆ ಕೊಡ್ತೇವೆ" ಅಂದರು. ನಾನು, "ತಯಾರಾದ ತಿಂಗಳು ನೋಡಿ ಒಪ್ಪಿದರೆ ತೆಗೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಹಣ" ಅಂದೆ. ಸಂಜೆ ಅತ್ತಾವರದ ನನ್ನ ಚಿಕ್ಕಮ್ಮನನ್ನು ಕರೆದುಕೊಂಡು ಹೋದೆ.

ನನ್ನ ನಂಬರಿನಲ್ಲಿ ಮೂರು ಡಬ್ಬ ತೆಗೆದರು. ಒಂದು ಮೂರು ವರ್ಷ ಹಳೆಯದು, ಇನ್ನೊಂದು ಅದಕ್ಕಿಂತಲೂ ಹಳೆಯದು. ಮೂರನೆಯದು ಹೊಸದೇ, ಆದರೆ ಹಿಮ್ಮಡಿ ಎತ್ತರ. ಆ ಹುಡುಗ ಡಬ್ಬಗಳನ್ನು ತಿರುಗಿಸಿ ತಿರುಗಿಸಿ ತಾನೇ ಓದಿದರು. ಅವರಿಗೂ ಅದು ಗೊತ್ತಿರಲಿಲ್ಲ ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ಮತ್ತೆ ಜಾಸ್ತಿ ಮಾತಿಲ್ಲದೆ 1,890 ರೂಪಾಯಿ ಫೋನಿಗೆ ಹಾಕಿದರು. ನಾನು ಹಳೆಯ ಶೂ ಕೊಟ್ಟು, 'ಹಣ ತಲುಪಿದೆ' ಅಂತ ಬರೆದು ಸಹಿ ಹಾಕಿದೆ. ಅವರ ಸಹಿಯೂ ತೆಗೆದುಕೊಂಡೆ.

ಮಾಲೀಕರು ಗಲ್ಲಾದಲ್ಲೇ ಕೂತಿದ್ದರು. ಹೊರಡುವಾಗ ಚಿಕ್ಕಮ್ಮನ ಹತ್ತಿರ "ಮಳೆ ಉಂಟು, ಕೊಡೆ ಉಂಟಾ ಅಮ್ಮ" ಅಂತ ಕೇಳಿದರು. ನನ್ನ ಹತ್ತಿರ ಏನೂ ಹೇಳಲಿಲ್ಲ. ನನಗೆ ಅಷ್ಟು ಸಾಕಾಯಿತು.

ಪರ್ಕಳದ ಮೇಷ್ಟ್ರು · ಜೂನ್ 23

ತುಂಬಾ ಸಂತೋಷ ತಂಗಿ. 1915ರವರಿಗೆ ಬಗೆಹರಿಯಿತು ಅಂತ ತಿಳಿಸಿಬಿಡಿ. ದೂರು ಸುಮ್ಮನೆ ತೆರೆದಿರುವುದು ಬೇಡ.

ಕಿನ್ನಿಮೂಲ್ಕಿ ಗಲ್ಲಾಪೆಟ್ಟಿಗೆ · ಜೂನ್ 24

ಈ ಚರ್ಚೆ ಓದಿದ ಮೇಲೆ ನಿನ್ನೆ ರಾತ್ರಿ ಅಂಗಡಿ ಮುಚ್ಚಿ, ನಾನು ಮತ್ತು ಹೆಂಡತಿ ನಮ್ಮ ಸ್ಟಾಕ್ ಪೂರ್ತಿ ತಿರುಗಿಸಿ ನೋಡಿದೆವು. ಎರಡು ವರ್ಷಕ್ಕಿಂತ ಹಳೆಯ ಪಿಯು ಅಟ್ಟೆಯದ್ದು ಹದಿನೇಳು ಜೊತೆ ಸಿಕ್ಕಿತು. ಹಿಮ್ಮಡಿ ಒತ್ತಿದರೆ ನಾಲ್ಕು ಜೊತೆ ಆಗಲೇ ಮೆತ್ತಗೆ. ಎಲ್ಲ ಬೇರೆ ತೆಗೆದಿಟ್ಟಿದ್ದೇನೆ, ಹೋಲ್‌ಸೇಲ್‌ನವರಿಗೆ ನಾನೂ ಒಂದು ಕಾಗದ ಬರೆಯಬೇಕು. ಮೇಷ್ಟ್ರೇ, ಅದನ್ನೂ ಒಮ್ಮೆ ತಿದ್ದಿ ಕೊಡುತ್ತೀರಾ?

ಪರ್ಕಳದ ಮೇಷ್ಟ್ರು · ಜೂನ್ 24

ಬರೆದು ಕಳಿಸಿ. ಮಾರಲಿಕ್ಕೆ ಅಂತ ಕೊಂಡವರು ಈ ಕಾಯ್ದೆಯ ಲೆಕ್ಕದಲ್ಲಿ ಗ್ರಾಹಕರಾಗುವುದಿಲ್ಲ, ಹಾಗಾಗಿ ನಿಮ್ಮ ಕಾಗದ ಬೇರೆ ಥರ ಇರಬೇಕು. ಮಾಲು ತರಿಸಿದ ಇನ್‌ವಾಯ್ಸ್‌ಗಳನ್ನು ಮೊದಲು ಹುಡುಕಿಡಿ.